ಟೇಲರ್ ಎಂಬ ಹೆಸರು

ಗಣಿತದ ಮೇಲಿನ ತರಗತಿಗಳಿಗೆ ಹೋದವರು 'ಟೇಲರ್ ಶ್ರೇಣಿ' ಎಂಬ ಮಾತನ್ನು ಕೇಳುತ್ತಾರೆ. ಸುರಪುರದ ಇತಿಹಾಸವನ್ನು ಓದುವವರು ಟೇಲರ್ ಸಾಹೇಬನನ್ನು ಕಾಣದೆ ಮುಂದೆ ಹೋಗಲಾರರು. ಕಾರ್ಖಾನೆಯ ಆಡಳಿತವನ್ನು ಕುರಿತ ಪುಸ್ತಕಗಳಲ್ಲಿ ಅಮೆರಿಕದ ಒಬ್ಬ ಟೇಲರನ ಹೆಸರು ಬರುತ್ತದೆ. ಇಂಗ್ಲಿಷ್ ಕಲಿಯಲು ತೊಡಗಿದ ಎಳೆಯ ಮಕ್ಕಳು ಬೆರಳುಗಳನ್ನು ಮಿಟುಕಿಸುತ್ತ ಹಾಡುವ ನಕ್ಷತ್ರದ ಪದ್ಯವನ್ನು ಬರೆದ ಹೆಣ್ಣುಮಗಳ ಹೆಸರೂ ಟೇಲರ್ ಎಂದೇ. "ಇವರೆಲ್ಲರೂ ಒಂದೇ ಮನೆತನದವರೇ ಸಾರ್?" ಎಂದು ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ್ದನು. ಪ್ರಶ್ನೆ ಸಣ್ಣದು, ಉತ್ತರ ಅಷ್ಟು ಸಣ್ಣದಲ್ಲ.

ಇಂಗ್ಲೆಂಡಿನಲ್ಲಿ ಬಹುಕಾಲ ಸಾಮಾನ್ಯ ಜನರಿಗೆ ಮನೆತನದ ಹೆಸರೆಂಬುದು ಇರಲಿಲ್ಲ. ಜಾನ್, ರಾಬರ್ಟ್, ವಿಲಿಯಂ ಎಂದು ಕರೆದರೆ ಸಾಕಾಗಿದ್ದಿತು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಆ ದೇಶವನ್ನು ಗೆದ್ದರು. ಆಮೇಲಿನ ಎರಡು ಮೂರು ಶತಮಾನಗಳಲ್ಲಿ ಊರುಗಳು ಬೆಳೆದವು, ಆಸ್ತಿಯ ಪತ್ರಗಳು ಹೆಚ್ಚಿದವು, ಕಂದಾಯದ ಪಟ್ಟಿಗಳು ಉದ್ದವಾದವು. ಒಂದೇ ಊರಿನಲ್ಲಿ ಹತ್ತು ಮಂದಿ ಜಾನ್‌ಗಳಿದ್ದರೆ ಕರ ಕೊಟ್ಟವನು ಯಾರು, ಕೊಡದವನು ಯಾರು ಎಂದು ತಿಳಿಯುವುದು ಹೇಗೆ? ಕರಣಿಕರು ಹೆಸರಿನ ಮುಂದೆ ಅವನ ಊರನ್ನೋ, ತಂದೆಯ ಹೆಸರನ್ನೋ, ಕಸುಬನ್ನೋ ಬರೆದುಕೊಂಡರು. ಕಮ್ಮಾರನು ಸ್ಮಿತ್ ಆದನು, ರೊಟ್ಟಿ ಸುಡುವವನು ಬೇಕರ್ ಆದನು, ಬಟ್ಟೆ ಹೊಲಿಯುವವನು ಟೇಲರ್ ಆದನು. ಈ ಕೊನೆಯ ಮಾತು ಇಂಗ್ಲಿಷಿನ ಮೂಲದ್ದಲ್ಲ. ಕತ್ತರಿಸುವವನು ಎಂಬರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಬಂದದ್ದು. ಗೆದ್ದು ಬಂದವರ ನುಡಿ ಸೋತವರ ಹೆಸರಾಗಿ ನಿಂತುದಕ್ಕೆ ಇದೊಂದು ನಿದರ್ಶನ. ಇಂದು ಇಂಗ್ಲೆಂಡಿನಲ್ಲಿ ಅತಿ ಹೆಚ್ಚಾಗಿ ಕಾಣುವ ನಾಲ್ಕೈದು ಮನೆತನದ ಹೆಸರುಗಳಲ್ಲಿ ಇದೂ ಒಂದು. ಕಾಲಕ್ರಮದಲ್ಲಿ ಕಸುಬಿನ ಶಬ್ದಕ್ಕೂ ಮನೆತನದ ಹೆಸರಿಗೂ ಕಾಗುಣಿತದಲ್ಲಿ ಒಂದಕ್ಷರದ ಭೇದವುಂಟಾಯಿತು; ಉಚ್ಚಾರಣೆ ಮಾತ್ರ ಒಂದೇ ಆಗಿ ಉಳಿಯಿತು.

ಇದು ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಜರ್ಮನರ ಶ್ನೈಡರ್, ಇಟಲಿಯವರ ಸಾರ್ತೋರಿ, ಹಂಗೆರಿಯವರ ಸಾಬೊ, ಇವೆಲ್ಲವೂ ದರ್ಜಿಯ ಹೆಸರುಗಳೇ. ನಮ್ಮ 12ನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಇವರ ಜೊತೆಗೆ ಸೂಜಿಕಾಯಕದ ರಾಮಿತಂದೆಯೂ ಇದ್ದನೆಂಬುದನ್ನು ನೆನೆಯಬಹುದು. ಜಾನಪದ ಸಾಹಿತ್ಯಕ್ಕಾಗಿ ದುಡಿದ ಚಡಚಣದ ಸಿಂಪಿ ಲಿಂಗಣ್ಣನವರ ಅಡ್ಡಹೆಸರಿನ ಅರ್ಥವೂ ಹೊಲಿಗೆಯವನೆಂದೇ. ಹೀಗಿರುವಾಗ ಊರೂರಿನಲ್ಲಿಯೂ ಒಬ್ಬೊಬ್ಬ ದರ್ಜಿಯಿದ್ದ ದೇಶದಲ್ಲಿ ಟೇಲರರೆಲ್ಲ ಒಬ್ಬನ ಸಂತಾನವಾಗುವುದು ಹೇಗೆ ಸಾಧ್ಯ? ನೂರಾರು ಊರುಗಳಲ್ಲಿ ನೂರಾರು ಬಾರಿ ಹುಟ್ಟಿದ ಹೆಸರು ಇದು.

ನಕ್ಷತ್ರದ ಪದ್ಯವನ್ನು ಬರೆದ ಜೇನ್ ಟೇಲರ್ 1783ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಳು. ತಂದೆ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವ ಕುಶಲಿ, ಜೊತೆಗೆ ಧರ್ಮೋಪದೇಶಕ. ಅಕ್ಕ ಆ್ಯನ್‌ಳೊಡನೆ ಸೇರಿ ಆಕೆ 1806ರಲ್ಲಿ ಪ್ರಕಟಿಸಿದ ಶಿಶುಗೀತೆಗಳ ಪುಸ್ತಕದಲ್ಲಿ ಆ ಪದ್ಯವಿದೆ. ಅದರ ಧಾಟಿ ಆಕೆಯದಲ್ಲ. ಫ್ರಾನ್ಸಿನ ಹಳೆಯ ಹಾಡೊಂದರದು. ಪದ್ಯ ಲೋಕದ ಮೂಲೆಮೂಲೆಯನ್ನು ಮುಟ್ಟಿತು. ಬರೆದವಳ ಹೆಸರು ಮಾತ್ರ ಹಿಂದೆ ಉಳಿಯಿತು. ಪದ್ಯವನ್ನು ಬಾಯಿಪಾಠ ಹೇಳಬಲ್ಲವರಲ್ಲಿ ನೂರಕ್ಕೆ ಒಬ್ಬನಾದರೂ ಕವಯಿತ್ರಿಯ ಹೆಸರನ್ನು ಹೇಳಬಲ್ಲನೇ ಎಂಬುದು ಸಂದೇಹ.

ಬ್ರೂಕ್ ಟೇಲರನದು ಇದಕ್ಕೆ ವಿರುದ್ಧವಾದ ಕಥೆ. 1685ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದ ಈತ ಕೇಂಬ್ರಿಜ್‌ನಲ್ಲಿ ಓದಿ, ನ್ಯೂಟನ್ನನು ಅಧ್ಯಕ್ಷನಾಗಿದ್ದ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾದನು. 1715ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಕ್ರವಾದ ಗಣಿತ ಸಂಬಂಧವೊಂದನ್ನು ಸರಳವಾದ ಪದಗಳ ಸಾಲಾಗಿ ಬಿಡಿಸಿ ಕೂಡುವ ವಿಧಾನವನ್ನು ಕೊಟ್ಟನು. ಅಂಥ ಶ್ರೇಣಿಗಳನ್ನು ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿ ಅವನಿಗಿಂತ ಮೊದಲೇ ಅರಿತಿದ್ದನು. ಕೇರಳದ ಸಂಗಮಗ್ರಾಮದ ಮಾಧವನ ಪರಂಪರೆಯವರು ಜ್ಯಾ, ಕೋಟಿಜ್ಯಾಗಳ ಶ್ರೇಣಿಗಳನ್ನು ಇಬ್ಬರಿಗೂ ಎಷ್ಟೋ ಹಿಂದೆಯೇ ತಿಳಿದಿದ್ದರು. ಆದರೂ ಹೆಸರು ಬ್ರೂಕ್ ಟೇಲರನದಾಯಿತು. ಆತನ ಬಾಳು ಮಾತ್ರ ಸುಖದ್ದಾಗಿರಲಿಲ್ಲ. ತಂದೆಗೆ ಒಪ್ಪಿಗೆಯಿಲ್ಲದ ಮದುವೆಯಿಂದ ಮನೆಯ ನಂಟು ಕಡಿಯಿತು. ಆ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಎರಡನೆಯ ಹೆಂಡತಿಯೂ ಹಾಗೆಯೇ ಅಗಲಿದಳು. 1731ರಲ್ಲಿ, ಐವತ್ತು ತುಂಬುವ ಮೊದಲೇ, ಆತನೂ ಹೋದನು.

ಮನೆತನದ ಹೆಸರು ತಂದೆಯ ಕಡೆಯ ಒಂದೇ ಎಳೆಯನ್ನು ತೋರಿಸಿ ಉಳಿದ ಎಳೆಗಳನ್ನೆಲ್ಲ ಮುಚ್ಚಿಡುತ್ತದೆ. 1886ರಲ್ಲಿ ಹುಟ್ಟಿ 1975ರವರೆಗೆ ಬಾಳಿದ ಭೌತವಿಜ್ಞಾನಿ ಜಿ. ಐ. ಟೇಲರರನ್ನು ನೋಡಿರಿ. ಇವರ ತಾಯಿಯ ತಂದೆ ಜಾರ್ಜ್ ಬೂಲ್. ಇಂದಿನ ಗಣಕಯಂತ್ರಗಳಿಗೆ ಆಧಾರವಾದ ತರ್ಕಗಣಿತವನ್ನು ರೂಪಿಸಿದಾತ. ಬೂಲನ ಹೆಂಡತಿಯ ದೊಡ್ಡಪ್ಪ ಜಾರ್ಜ್ ಎವರೆಸ್ಟ್. ಭಾರತದ ಮೋಜಣಿ ಇಲಾಖೆಯ ಮುಖ್ಯಸ್ಥನಾಗಿದ್ದವನು, ಹಿಮಾಲಯದ ಅತ್ಯುನ್ನತ ಶಿಖರಕ್ಕೆ ಹೆಸರು ಕೊಟ್ಟವನು. ಟೇಲರ್ ಎಂಬ ಹೆಸರಿನಲ್ಲಿ ಇದಾವುದೂ ಕಾಣದು! ಅಮೆರಿಕದವರು 1945ರಲ್ಲಿ ನಡೆಸಿದ ಮೊದಲ ಅಣುಬಾಂಬಿನ ಪರೀಕ್ಷೆಯ ಚಿತ್ರಗಳು ಮುಂದೆ ಪ್ರಕಟವಾದಾಗ, ಬೆಂಕಿಯ ಗೋಳ ಎಷ್ಟು ಕ್ಷಣದಲ್ಲಿ ಎಷ್ಟು ಅಗಲವಾಯಿತು ಎಂಬುದನ್ನು ಅಳೆದು, ಸ್ಫೋಟದ ಶಕ್ತಿ ಸುಮಾರು 17,000 ಟನ್ ಸಿಡಿಮದ್ದಿಗೆ ಸಮನೆಂದು ಇವರು 1950ರಲ್ಲಿ ಲೆಕ್ಕಹಾಕಿ ತೋರಿಸಿದರು. ಅಂದಾಜು ವಾಸ್ತವಕ್ಕೆ ಬಹುಮಟ್ಟಿಗೆ ಹತ್ತಿರವಾಗಿದ್ದಿತು.

ವಿಜ್ಞಾನದಲ್ಲಿ ಟೇಲರರಿಗೆ ಕೊರತೆಯಿಲ್ಲ. ರಿಚರ್ಡ್ ಟೇಲರ್ ಎಂಬ ಹೆಸರಿನವರೇ ಇಬ್ಬರಿದ್ದಾರೆ. ಕೆನಡಾದಲ್ಲಿ ಹುಟ್ಟಿದ ಒಬ್ಬರು ಪ್ರೋಟಾನಿನ ಒಳಗೆ ಇನ್ನೂ ಸಣ್ಣ ಕಣಗಳಿವೆಯೆಂಬುದಕ್ಕೆ ಆಧಾರ ಒದಗಿಸಿ 1990ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಇನ್ನೊಬ್ಬರು ಗಣಿತಜ್ಞರು; ಫರ್ಮಾನ ಪ್ರಮೇಯಕ್ಕೆ ಆಂಡ್ರೂ ವೈಲ್ಸ್ ಕೊಟ್ಟ ಸಾಧನೆಯಲ್ಲಿ ಬಿರುಕು ಕಂಡಾಗ, 1994ರಲ್ಲಿ ಅದನ್ನು ಮುಚ್ಚಲು ಅವರಿಗೆ ಹೆಗಲು ಕೊಟ್ಟವರು. ಅಮೆರಿಕದ ಅಧ್ಯಕ್ಷನಾಗಿದ್ದ ಜಕಾರಿ ಟೇಲರ್, ಚಲಚ್ಚಿತ್ರ ನಟಿ ಎಲಿಜಬೆತ್ ಟೇಲರ್ ಇವರ ವಿಷಯವನ್ನು ಬೇರೆ ಕಡೆ ಧಾರಾಳವಾಗಿ ಓದಬಹುದಾದ್ದರಿಂದ ಇಲ್ಲಿ ಬಿಡುತ್ತೇನೆ.

ಅಮೆರಿಕದ ಫ್ರೆಡರಿಕ್ ವಿನ್ಸ್ಲೊ ಟೇಲರನ ಮಾತನ್ನು ಹಾಗೆ ಬಿಡುವಂತಿಲ್ಲ. 1856ರಲ್ಲಿ ಹುಟ್ಟಿದ ಈತ ಉಕ್ಕಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತ, ಕಾರ್ಮಿಕನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆಯತೊಡಗಿದನು. ಸಲಿಕೆಯಲ್ಲಿ ಎಷ್ಟು ಭಾರ ಎತ್ತಿದರೆ ದಿನದ ಕೆಲಸ ಹೆಚ್ಚು ಸಾಗುವುದು? ಸುಮಾರು ಒಂಬತ್ತೂವರೆ ಕಿಲೋಗ್ರಾಂ ಎಂದು ಕಂಡುಹಿಡಿದನು. ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣದ ಗಟ್ಟಿಗಳನ್ನು ಹೊರುತ್ತಿದ್ದ ಕೂಲಿಯಿಂದ 47 ಟನ್ ಹೊರಿಸಿದೆನೆಂದು 1911ರ ತನ್ನ ಪುಸ್ತಕದಲ್ಲಿ ಬರೆದನು. ಕೆಲಸ ನಾಲ್ಕು ಪಾಲಿನಷ್ಟಾಯಿತು. ಕೂಲಿ ಹೆಚ್ಚಿದ್ದು 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ. ಈ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಆ ಕೂಲಿಯ ಕಥೆಯಲ್ಲಿ ಅಲಂಕಾರ ಬಹಳವಿದೆಯೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ಅದೇ 1911ರಲ್ಲಿ ವಾಟರ್‌ಟೌನಿನ ಸರ್ಕಾರಿ ಶಸ್ತ್ರಾಗಾರದ ಕೆಲಸಗಾರರು ಗಡಿಯಾರದ ಅಳತೆಯನ್ನು ವಿರೋಧಿಸಿ ಕೆಲಸ ನಿಲ್ಲಿಸಿದರು; ಸಂಸತ್ತಿನ ಸಮಿತಿ ಟೇಲರನನ್ನೇ ಕರೆಸಿ ವಿಚಾರಣೆ ಮಾಡಿತು. ವ್ಯರ್ಥಶ್ರಮವನ್ನು ತಪ್ಪಿಸಬೇಕೆಂಬ ಆತನ ಮಾತು ಒಪ್ಪತಕ್ಕದ್ದೇ. ಆದರೆ ಯೋಚಿಸುವವನು ಒಬ್ಬ, ಮಾಡುವವನು ಇನ್ನೊಬ್ಬ ಎಂದು ಆತ ಎಳೆದ ಗೆರೆ ದುಡಿಯುವವನ ಬುದ್ಧಿಗೆ ಬಾಗಿಲು ಹಾಕಿತೆಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ತೋಳು ಹೊಲಿಯಲು ಇಷ್ಟು ಹೊತ್ತು, ಕಾಲರು ಹೊಲಿಯಲು ಇಷ್ಟು ಹೊತ್ತು ಎಂದು ಎಣಿಸುವ ಕ್ರಮದ ಬೇರು ಇಲ್ಲಿಯೇ ಇದೆ. ದರ್ಜಿಯ ಹೆಸರು ಹೊತ್ತವನ ಗಡಿಯಾರ ಕಡೆಗೆ ದರ್ಜಿಗಳ ತಲೆಯ ಮೇಲೆಯೇ ಬಂದು ಕುಳಿತಿತು.

ಅದೇ ದೇಶದಲ್ಲಿ, ಸರಿಸುಮಾರು ಅದೇ ಕಾಲದಲ್ಲಿ, ಇನ್ನೊಂದು ಬಗೆಯ ವೇಗವನ್ನು ಸಾಧಿಸಿದವನು ಮಾರ್ಷಲ್ ಟೇಲರ್. 'ಮೇಜರ್' ಎಂಬುದು ಆತನಿಗೆ ಬಂದ ಅಡ್ಡಹೆಸರು. ಈತ ನೀಗ್ರೋ ಜನಾಂಗದವನೆಂದು ಆಗಿನವರು ಹೇಳುತ್ತಿದ್ದರು; ಕರಿಯ ಅಮೆರಿಕನ್ನನೆಂದು ನಾವು ಇಂದು ಹೇಳುತ್ತೇವೆ. ಅಂಥವರ ಪೂರ್ವಿಕರಲ್ಲಿ ಅನೇಕರಿಗೆ ಇಂಗ್ಲಿಷ್ ಮನೆತನದ ಹೆಸರು ಬಂದದ್ದು ರಕ್ತಸಂಬಂಧದಿಂದಲ್ಲ, ಗುಲಾಮಗಿರಿಯ ಕಾಲದಲ್ಲಿ ಒಡೆಯರ ಮನೆಯಿಂದ. 1899ರಲ್ಲಿ ಮಾಂಟ್ರಿಯಲ್ಲಿನಲ್ಲಿ ಈತ ಬೈಸಿಕಲ್ ಓಟದಲ್ಲಿ ಜಗತ್ತಿನ ಮೊದಲಿಗನಾದನು. ಬಿಳಿಯ ಸವಾರರು ಗುಂಪುಗೂಡಿ ದಾರಿ ಕಟ್ಟಿದರು, ಕೆಡವಿದರು. ಎಷ್ಟೋ ಊರುಗಳಲ್ಲಿ ಉಳಿಯಲು ಹೋಟೆಲಿನಲ್ಲಿ ಕೋಣೆ ದೊರೆಯಲಿಲ್ಲ. ಕೊನೆಗೆ ಬಡತನದಲ್ಲಿ, ತನ್ನ ಜೀವನಕಥೆಯ ಪ್ರತಿಗಳನ್ನು ಮನೆಮನೆಗೆ ಹೋಗಿ ಮಾರುತ್ತ, 1932ರಲ್ಲಿ ಷಿಕಾಗೋದಲ್ಲಿ ಸತ್ತನು. ಬಡವರ ಮಣ್ಣಿನಲ್ಲಿದ್ದ ಆತನ ದೇಹವನ್ನು 1948ರಲ್ಲಿ ಹಳೆಯ ಸೈಕಲ್ ಸವಾರರು ಸೇರಿ ಬೇರೆಡೆಗೆ ಒಯ್ದು ಗೌರವದಿಂದ ಸಮಾಧಿ ಮಾಡಿಸಿದರು.

ಇನ್ನು ನಮ್ಮ ನಾಡಿನ ಟೇಲರನ ಮಾತು. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದನು. ಹದಿನೈದರ ಹುಡುಗನಾಗಿ 1824ರಲ್ಲಿ ಬೊಂಬಾಯಿಗೆ ಬಂದದ್ದು ಒಬ್ಬ ವರ್ತಕನಲ್ಲಿ ಕೆಲಸ ಕಲಿಯುವುದಕ್ಕೆ. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುತ್ತಿದ್ದಿತು. ಬಂಧುವೊಬ್ಬನ ನೆರವಿನಿಂದ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಹುದ್ದೆ ದೊರೆಯಿತು. ಶಾಲೆಯ ಓದು ಅರ್ಧಕ್ಕೇ ನಿಂತವನು ದೇಶಭಾಷೆಗಳನ್ನು ಕಲಿತನು. ಮೋಜಣಿ, ಕಟ್ಟಡವಿದ್ಯೆ, ಚಿತ್ರಕಲೆಗಳನ್ನು ತಾನಾಗಿಯೇ ಸಾಧಿಸಿದನು. ಠಕ್ಕರ ಜೀವನವನ್ನು ಕುರಿತು 1839ರಲ್ಲಿ ಆತ ಪ್ರಕಟಿಸಿದ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು.

1840ರ ದಶಕದ ಮೊದಲಲ್ಲಿ ಸುರಪುರದ ಅರಸ ಕೃಷ್ಣಪ್ಪ ನಾಯಕನು ತೀರಿಕೊಂಡನು. ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮನಿಗೂ ಅರಮನೆಯ ಉಳಿದ ಪಕ್ಷದವರಿಗೂ ವೈಮನಸ್ಯ, ಸಾಲವೋ ತಲೆಮಟ್ಟ. ಈ ಇಕ್ಕಟ್ಟಿನಲ್ಲಿ ಸಂಸ್ಥಾನದ ಆಡಳಿತ ಟೇಲರನ ಕೈಗೆ ಬಂದಿತು. ಹತ್ತು ವರ್ಷಗಳಿಗೂ ಮಿಕ್ಕಿ ಆತ ಅಲ್ಲಿದ್ದನು. ಸಾಲ ತೀರಿಸಿದನು, ಕಂದಾಯದ ಲೆಕ್ಕವನ್ನು ಹದಕ್ಕೆ ತಂದನು, ಕೆರೆಗಳ ದುರಸ್ತಿ ಮಾಡಿಸಿದನು. ಬಿಡುವಿನಲ್ಲಿ ಜೇವರ್ಗಿ, ರಾಜನಕೋಳೂರುಗಳ ಸುತ್ತ ಹರಡಿದ್ದ ಕಲ್ಲಿನ ಗೋರಿಗಳನ್ನು ಅಗೆದು, ಅಳೆದು, ಚಿತ್ರ ಬರೆದಿಟ್ಟನು. ದಕ್ಷಿಣ ಭಾರತದ ಬೃಹತ್ ಶಿಲಾಸಮಾಧಿಗಳನ್ನು ಕುರಿತ ಮೊದಮೊದಲ ಶಾಸ್ತ್ರೀಯ ಅಧ್ಯಯನಗಳಲ್ಲಿ ಅದೂ ಒಂದು. ಬಾಲಕ ಅರಸನು ಆತನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. 1853ರಲ್ಲಿ ಪ್ರಾಪ್ತವಯಸ್ಕನಾದ ಅರಸನಿಗೆ ರಾಜ್ಯವನ್ನು ಒಪ್ಪಿಸಿ ಟೇಲರ್ ಬೇರೆಡೆಗೆ ಹೋದನು.

ಐದು ವರ್ಷ ಕಳೆಯಿತು. ಉತ್ತರದಲ್ಲಿ ಹೊತ್ತಿದ ಸ್ವಾತಂತ್ರ್ಯದ ಕಿಡಿ ಸುರಪುರವನ್ನೂ ಮುಟ್ಟಿತು. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕನು ಇಂಗ್ಲಿಷರ ಮೇಲೆ ಕತ್ತಿಯೆತ್ತಿದನು. ಸೋತು ಹೈದರಾಬಾದಿಗೆ ಹೋದಾಗ ಅಲ್ಲಿ ಸೆರೆಸಿಕ್ಕಿದನು. ಆತನ ಬಾಯಿಂದ ಸಂಗಡಿಗರ ಹೆಸರುಗಳನ್ನು ತಿಳಿಯಲು ಆಳುವವರು ಆರಿಸಿ ಕಳಿಸಿದ್ದು ಯಾರನ್ನು? ಟೇಲರನನ್ನೇ. ಸೆರೆಮನೆಯಲ್ಲಿ ಅರಸನು 'ಅಪ್ಪಾ' ಎಂದು ತಬ್ಬಿಕೊಂಡು ಅತ್ತನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅತ್ತನು, ಆದರೆ ಹೆಸರುಗಳನ್ನು ಹೇಳಲಿಲ್ಲ. ಸೆರೆ, ಕರಿನೀರುಗಳಿಗಿಂತ ಸಾವೇ ಮೇಲು; ಅತಿ ಬಡ ಬೇಡನೂ ಸೆರೆಯಲ್ಲಿ ಬದುಕಲಾರನು, ಅರಸನಾದ ನಾನು ಹೇಗೆ ಬದುಕಲಿ, ಎಂಬುದು ಆತನ ಮಾತಿನ ತಾತ್ಪರ್ಯ. ಮರಣದಂಡನೆ ಮೊದಲು ಜೀವಾವಧಿ ಗಡೀಪಾರಿಗೆ ಇಳಿಯಿತು. ಕಡೆಗೆ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಮದರಾಸಿನ ಬಳಿಯ ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಅರಸನು ತನ್ನನ್ನು ತಾನೇ ಕೊಂದುಕೊಂಡನೆಂದು ಇಂಗ್ಲಿಷರ ದಾಖಲೆ ಹೇಳುತ್ತದೆ. ಆಗ ಆತನಿಗೆ ಇಪ್ಪತ್ತನಾಲ್ಕರ ಆಸುಪಾಸು.

ಟೇಲರನ ದುಃಖ ನಟನೆಯದಲ್ಲವೆಂದು ಆತ್ಮಕಥೆಯ ಆ ಪುಟಗಳನ್ನು ಓದಿದವರಿಗೆ ತಿಳಿಯುತ್ತದೆ. ಆದರೆ ಸಾಕಿದ ಮಗನ ದೇಶಾಭಿಮಾನವನ್ನು ಆತ ಕೊನೆಯವರೆಗೂ ದುಷ್ಟರ ಸಹವಾಸದ ಫಲವೆಂದೇ ಬಗೆದನು. ಪ್ರೀತಿಯಿದ್ದರೂ ಆಳುವವನ ಕಣ್ಣಿಗೆ ಅದಕ್ಕಿಂತ ಹೆಚ್ಚಿನದು ಕಾಣಲಿಲ್ಲ. ಸಂಸ್ಥಾನವನ್ನು 1860ರಲ್ಲಿ ನಿಜಾಮನಿಗೆ ಕೊಟ್ಟುಬಿಟ್ಟರು. ಟೇಲರ್ ತಾಯ್ನಾಡಿಗೆ ಮರಳಿ ಭಾರತದ ಇತಿಹಾಸವನ್ನು ಆಧರಿಸಿ ಕಾದಂಬರಿಗಳನ್ನು ಬರೆದನು. ವೃದ್ಧಾಪ್ಯದಲ್ಲಿ, ದೃಷ್ಟಿ ಮಂದವಾಗಿದ್ದರೂ, ಇನ್ನೊಮ್ಮೆ ಭಾರತಕ್ಕೆ ಬಂದು, ಹಿಂದಿರುಗುವಾಗ 1876ರಲ್ಲಿ ಫ್ರಾನ್ಸಿನ ಮಾಂತೋನ್ ಎಂಬಲ್ಲಿ ಕಣ್ಣುಮುಚ್ಚಿದನು. ಸುರಪುರವು ಈಗ ಯಾದಗಿರಿ ಜಿಲ್ಲೆಗೆ ಸೇರಿದೆ. ಅಲ್ಲಿನ ಗುಡ್ಡದ ಮೇಲೆ ಆತ ಕಟ್ಟಿಸಿಕೊಂಡ ಮನೆಯನ್ನು ಊರವರು ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ.