ಪುಣೆಯಿಂದ ವಿಜಯಪುರಕ್ಕೆ ಬಾಡಿಗೆ ಕಾರು: ಹೊರಡೋ ಮುಂಚೆ ನಂಬರ್ ಪ್ಲೇಟ್ ನೋಡಿ

ಹಿಂಜವಾಡಿಯಲ್ಲೋ ಖರಾಡಿಯಲ್ಲೋ ಕನ್ನಡದವರು ನಾಲ್ಕು ಜನ ಊಟಕ್ಕೆ ಕೂತ್ರೆ, ಅದರಲ್ಲಿ ಒಬ್ಬರು ಕೇಳೇ ಕೇಳ್ತಾರೆ: "ಎರಡು ದಿನ ರಜೆ ಇದೆ, ಸೆಲ್ಫ್ ಡ್ರೈವ್ ಕಾರು ತಗೊಂಡು ಹಂಪಿಗೆ ಹೋಗಿ ಬರೋಣ್ವಾ?" ನನ್ನ ಉತ್ತರ ಯಾವಾಗ್ಲೂ ಒಂದೇ. ಎರಡು ದಿನಕ್ಕೆ ಹಂಪಿ ಬೇಡ. ಒಂದು ಕಡೆಗೇ ಐನೂರು ಕಿಲೋಮೀಟರ್ ದಾಟುತ್ತೆ, ಕಲ್ಲಿನ ರಥ ನೋಡೋ ಹೊತ್ತಿಗೆ ನಿಮ್ಮ ಸೊಂಟ ಕಲ್ಲಾಗಿರುತ್ತೆ. ವಿಜಯಪುರಕ್ಕೆ ಹೋಗಿ. ಪುಣೆಯಿಂದ ಸೋಲಾಪುರ ಸುಮಾರು 250 ಕಿ.ಮೀ., ಅಲ್ಲಿಂದ ವಿಜಯಪುರ ಸುಮಾರು 100. ರಸ್ತೆಯೂ ಚೆನ್ನಾಗಿದೆ.

ಆದ್ರೆ ಇವತ್ತು ರಸ್ತೆಗಿಂತ ಮುಂಚೆ ಕಾರಿನ ವಿಷಯ ಮಾತಾಡ್ಬೇಕು. ಯಾಕಂದ್ರೆ ನಾನೇ ಒಂದು ಸಲ ಅಲ್ಲಿ ಎಡವಿದ್ದೀನಿ.

ಕೆಲವು ವರ್ಷದ ಹಿಂದಿನ ಮಾತು. ಆ್ಯಪ್‌ಗಳಲ್ಲಿ ಬಾಡಿಗೆ ಜಾಸ್ತಿ ಅಂತ, ಯಾರದೋ ಪರಿಚಯದ ಮೇಲೆ ಒಬ್ಬರ ಸ್ವಂತ ಕಾರು ದಿನಕ್ಕೆ ಇಷ್ಟು ಅಂತ ಮಾತಾಡಿ ತಗೊಂಡೆ. ಬಿಳಿ ನಂಬರ್ ಪ್ಲೇಟ್, ಒಳ್ಳೆ ಕಂಡೀಷನ್. ಮೋಹೋಳ ದಾಟಿದ ಮೇಲೆ ಹಿಂದಿನಿಂದ ಒಂದು ಟೆಂಪೋ ಬಂದು ಗುದ್ದಿತು. ಯಾರಿಗೂ ಏಟಾಗ್ಲಿಲ್ಲ, ಆದ್ರೆ ಡಿಕ್ಕಿ ಒಳಗೆ ಹೋಗಿತ್ತು. ಮಾಲೀಕರಿಗೆ ಫೋನ್ ಮಾಡಿದ್ರೆ ಅವರ ಮೊದಲ ಮಾತು, "ಬಾಡಿಗೆಗೆ ತಗೊಂಡಿದ್ದೀನಿ ಅಂತ ಎಲ್ಲೂ ಹೇಳ್ಬೇಡಿ." ಯಾಕೆ ಅಂತ ಆಮೇಲೆ ಗೊತ್ತಾಯ್ತು. ಖಾಸಗಿ ಕಾರಿನ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ, ಬಳಕೆಯ ಮಿತಿ ಅನ್ನೋ ಭಾಗದಲ್ಲಿ ಬಾಡಿಗೆಗೆ ಕೊಟ್ಟ ಬಳಕೆ ಸೇರಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತೆ. ಸುಳ್ಳು ಹೇಳಿ ಕ್ಲೇಮ್ ಮಾಡೋಕೆ ನನಗೆ ಮನಸ್ಸಾಗ್ಲಿಲ್ಲ, 18 ಸಾವಿರ ಕೈಯಿಂದ ಕಟ್ಟಿದೆ. ನಮ್ಮ ಅದೃಷ್ಟಕ್ಕೆ ಅದು ಬರೀ ತಗಡಿನ ಖರ್ಚು. ರಸ್ತೆ ದಾಟ್ತಿದ್ದ ಯಾರಿಗಾದ್ರೂ ಪೆಟ್ಟಾಗಿದ್ರೆ ಏನು ಕಥೆ ಅಂತ ಈಗ್ಲೂ ಕೆಲವು ಸಲ ಯೋಚನೆ ಬರುತ್ತೆ.

ಹಾಗಾಗಿ ಪ್ಲೇಟ್ ನೋಡೋದು ಕಲೀರಿ. ಬಿಳಿ ಪ್ಲೇಟ್, ಕಪ್ಪು ಅಕ್ಷರ ಅಂದ್ರೆ ಖಾಸಗಿ. ಹಳದಿ ಪ್ಲೇಟ್, ಕಪ್ಪು ಅಕ್ಷರ ಅಂದ್ರೆ ಡ್ರೈವರ್ ಜೊತೆ ಬರೋ ಟ್ಯಾಕ್ಸಿ. ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇದ್ರೆ ಅದು ನಾವೇ ಓಡಿಸೋಕೆ ಅಂತ ಕೊಡೋ ಬಾಡಿಗೆ ಕಾರು. ಇದಕ್ಕೆ 1989ರ ರೆಂಟ್-ಎ-ಕ್ಯಾಬ್ ಸ್ಕೀಮ್ ಅಂತ ಕಾನೂನೇ ಇದೆ, ಮೋಟಾರು ವಾಹನ ಕಾಯ್ದೆಯ 75ನೇ ಸೆಕ್ಷನ್ ಕೆಳಗೆ ಮಾಡಿದ್ದು. ಆ ಸ್ಕೀಮಿನ ಕಾರುಗಳಿಗೆ ಅಖಿಲ ಭಾರತ ಟೂರಿಸ್ಟ್ ಪರ್ಮಿಟ್ ಇರ್ಬೇಕು. ಗಡಿ ದಾಟೋರಿಗೆ ಬೇಕಾದ ಕಾಗದ ಅದೇ. ಬುಕ್ ಮಾಡೋ ಮುಂಚೆ "ಪರ್ಮಿಟ್ ಪ್ರತಿ ಗಾಡೀಲಿ ಇರುತ್ತಾ? ಕರ್ನಾಟಕಕ್ಕೆ ಹೋಗ್ಬಹುದು ಅಂತ ಬರಹದಲ್ಲಿ ಕೊಡ್ತೀರಾ?" ಅಂತ ಕೇಳಿ. ಕೆಲವು ಒಪ್ಪಂದಗಳಲ್ಲಿ ರಾಜ್ಯ ಬಿಟ್ಟು ಹೊರಗೆ ಹೋಗ್ಬಾರದು ಅನ್ನೋ ಸಾಲು ಕೊನೇ ಪುಟದಲ್ಲಿ ಅಡಗಿರುತ್ತೆ. ಈಗಿನ ಕಾರುಗಳಲ್ಲಿ ಜಿಪಿಎಸ್ ಇರುತ್ತೆ, ನೀವು ಭೀಮಾ ನದಿ ದಾಟಿದ್ದು ಅವರಿಗೆ ನಿಮಗಿಂತ ಮೊದಲು ಗೊತ್ತಾಗುತ್ತೆ.

ಕಾರಿನ ನಂಬರ್ ಕೊಟ್ಟ ತಕ್ಷಣ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಯಾವ ವರ್ಗದ ವಾಹನ, ಇನ್ಶೂರೆನ್ಸ್ ಯಾವತ್ತಿನವರೆಗೆ, ಫಿಟ್‌ನೆಸ್, ಪಿಯುಸಿ, ಎಲ್ಲ ಎರಡು ನಿಮಿಷದ ಕೆಲಸ. ನಿಮ್ಮ ಲೈಸೆನ್ಸ್ ಧಾರವಾಡದ್ದೋ ದಾವಣಗೆರೆದೋ ಆಗಿದ್ರೂ ತೊಂದರೆ ಇಲ್ಲ, ದೇಶಕ್ಕೆಲ್ಲ ನಡೆಯುತ್ತೆ. ಡಿಜಿಲಾಕರ್‌ನಲ್ಲಿದ್ರೂ ಸಾಕು. (ಊರಿಂದ ಕೆಎ ನಂಬರಿನ ಸ್ವಂತ ಕಾರು ತಂದಿಟ್ಕೊಂಡಿರೋರಿಗೆ ಒಂದು ಮಾತು: 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ರೆ ಎಂಎಚ್ ನಂಬರ್ ಮಾಡಿಸ್ಬೇಕು. ಆ ಗೋಳು ಇನ್ನೊಂದು ವಿಡಿಯೋಗೆ.)

ಈಗ ಲೆಕ್ಕ. ಹೋಗಿ ಬರೋದು 700, ಊರೊಳಗೆ 30, ಒಟ್ಟು 730 ಕಿ.ಮೀ. ಅಂದ್ಕೊಳ್ಳಿ. ಆ್ಯಪ್‌ನಲ್ಲಿ ಕಣ್ಣಿಗೆ ಬೀಳೋದು ಕಡಿಮೆ ಬಾಡಿಗೆಯ ಪ್ಲಾನ್. ಅದಕ್ಕೆ 600 ಕಿ.ಮೀ. ಮಿತಿ, ಮೇಲಿನ ಪ್ರತಿ ಕಿ.ಮೀ.ಗೆ 12 ರೂಪಾಯಿ ಅಂತಿದ್ರೆ 130 ಕಿ.ಮೀ.ಗೆ 1,560 ರೂಪಾಯಿ ಹೆಚ್ಚಾಯ್ತು. ಮಿತಿ ಇಲ್ಲದ ಪ್ಲಾನ್ ಅಷ್ಟರಲ್ಲೇ ಸಿಗಬಹುದು. ಲೀಟರಿಗೆ 15 ಕಿ.ಮೀ. ಕೊಟ್ರೆ ಪೆಟ್ರೋಲ್ 49 ಲೀಟರ್. ಡೆಪಾಸಿಟ್ ಎಷ್ಟು, ಅಪಘಾತವಾದ್ರೆ ನಮ್ಮ ಜೇಬಿಂದ ಹೋಗೋ ಗರಿಷ್ಠ ಮೊತ್ತ ಎಷ್ಟು, ಈ ಎರಡನ್ನ ಕೇಳದೆ ದುಡ್ಡು ಕಟ್ಬೇಡಿ. ಓಡಿಸೋರು ಇಬ್ಬರಾದ್ರೆ ಇಬ್ಬರ ಹೆಸರೂ ಬುಕಿಂಗ್‌ನಲ್ಲಿ ಇರ್ಲಿ. ಫಾಸ್ಟ್ಯಾಗ್‌ನಲ್ಲಿ ಬ್ಯಾಲೆನ್ಸ್ ಇದೆಯಾ ಅಂತಾನೂ ಕೇಳಿ. ಟ್ಯಾಗ್ ಕೈಕೊಟ್ರೆ ಈಗ ಯುಪಿಐನಲ್ಲಿ ಒಂದೂಕಾಲು ಪಟ್ಟು ಟೋಲ್.

ಶನಿವಾರ ಬೆಳಿಗ್ಗೆ ಐದಕ್ಕೆ ಹಡಪ್ಸರ್ ದಾಟಿರ್ಬೇಕು. ಏಳಕ್ಕೆ ಹೊರಟ್ರೆ ಲೋಣಿ ಕಾಳಭೋರ್ ತನಕ ಲಾರಿಗಳ ಜೊತೆ ತೆವಳ್ತೀರ. ಎನ್‌ಎಚ್ 65 ಹಿಡಿದು ಪಾಟಸ್, ಭಿಗವಣ, ಇಂದಾಪುರ, ಟೆಂಭುರ್ಣಿ, ಮೋಹೋಳ, ಸೋಲಾಪುರ. ಭಿಗವಣ ಹತ್ರ ಉಜನಿ ಅಣೆಕಟ್ಟಿನ ಹಿನ್ನೀರು, ಚಳಿಗಾಲದಲ್ಲಿ ರಾಜಹಂಸಗಳು ಬಂದಿರ್ತವೆ. ಆಷಾಢ ಏಕಾದಶಿಗೆ ಮುಂಚಿನ ವಾರಗಳಲ್ಲಿ ಮಾತ್ರ ಈ ದಾರಿ ಬೇಡ. ತುಕಾರಾಮರ ಪಾಲಖಿ ಇದೇ ರಸ್ತೇಲಿ ಯವತ್ ಮೇಲೆ ಹೋಗುತ್ತೆ, ಸಂಚಾರ ಬದಲಾಯಿಸಿರ್ತಾರೆ.

ಸೋಲಾಪುರದಲ್ಲಿ ಒಂದು ಗಂಟೆ ನಿಲ್ಲಿ. ವಚನಕಾರ ಸಿದ್ಧರಾಮೇಶ್ವರರ ಸೊನ್ನಲಿಗೆ ಅಂದ್ರೆ ಇದೇ ಊರು. ಕೆರೆ ನಡುವೆ ಅವರ ಗುಡಿ ಇದೆ. ಅಲ್ಲಿ ಚಹಾ ಅಂಗಡೀಲಿ ಅಭ್ಯಾಸಬಲದಿಂದ "ದಾದಾ, ದೋನ್ ಚಹಾ" ಅಂದೆ. "ಎರಡ ಸಾಕೇನ್ರೀ?" ಅಂತ ಕೇಳಿದ್ರು. ಪುಣೆಯಲ್ಲಿ ಮನೆಯಿಂದ ಹೊರಗೆ ಕನ್ನಡ ಕೇಳದೆ ತಿಂಗಳಾಗಿತ್ತು. ಗಡಿಗೆ ಇನ್ನೂ ನಲವತ್ತು ನಿಮಿಷ ಇರುವಾಗ್ಲೇ ಕನ್ನಡ ಶುರುವಾಗಿತ್ತು ನೋಡಿ. ಕಡಕ್ ಭಾಕ್ರಿ, ಶೇಂಗಾ ಚಟ್ನಿ ಕಟ್ಟಿಸ್ಕೊಳ್ಳಿ. ಸಂಕ್ರಾಂತಿ ಹೊತ್ತಿಗೆ ಇಲ್ಲೂ ಜಾತ್ರೆ, ವಿಜಯಪುರದ ಸಿದ್ಧೇಶ್ವರ ಗುಡೀಲೂ ಜಾತ್ರೆ. ರೂಮು ಮೊದಲೇ ಹಿಡಿದಿರ್ಬೇಕು.

ಇಲ್ಲಿಂದ ಎನ್‌ಎಚ್ 52. ಟಾಕಳಿ ಹತ್ರ ಭೀಮಾ ಸೇತುವೆ ದಾಟಿದ್ರೆ ಧೂಳಖೇಡ, ಕರ್ನಾಟಕ ಬಂತು. ಪುಣೆಯ ಮುಳಾ-ಮುಠಾ ಸೇರೋದು ಇದೇ ಭೀಮೆಗೆ, ನಮ್ಮೂರಿನ ನೀರೇ ಗಡಿ ಕಾಯ್ತಾ ಇರೋದು. ಚೆಕ್‌ಪೋಸ್ಟ್‌ನಲ್ಲಿ ಕಪ್ಪು ಪ್ಲೇಟ್ ನೋಡಿ ಕೈ ಮಾಡಿದ್ರೆ ಗಾಬರಿ ಬೇಡ. ಪರ್ಮಿಟ್, ಇನ್ಶೂರೆನ್ಸ್, ಬುಕಿಂಗ್ ತೋರಿಸಿ, ಕನ್ನಡದಲ್ಲೇ ಮಾತಾಡಿ.

ಇನ್ನೊಂದು ಕಹಿ ವಿಷಯ. 2022ರ ಡಿಸೆಂಬರ್‌ನಲ್ಲಿ ಗಡಿ ಗಲಾಟೆ ಎದ್ದಾಗ ಬೆಳಗಾವಿ ಹತ್ರ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಇತ್ತ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದ್ರು. ಕಲ್ಲು ಹೊಡೆಯೋನು ಪ್ಲೇಟ್ ನೋಡ್ತಾನೆ, ಒಳಗೆ ಕೂತೋನು ಹುಬ್ಬಳ್ಳಿಯವನಾ ಅಂತ ಕೇಳಲ್ಲ. ವಿಜಯಪುರದ ದಾರಿ ಬೆಳಗಾವಿಯಷ್ಟು ಬಿಸಿ ಅಲ್ಲ. ಆದ್ರೂ ನವೆಂಬರ್ 1ರ ಸುತ್ತಮುತ್ತ, ಬೆಳಗಾವಿ ಅಧಿವೇಶನದ ದಿನಗಳಲ್ಲಿ, ಹೊರಡೋ ಹಿಂದಿನ ರಾತ್ರಿ ಸುದ್ದಿ ನೋಡಿ. ಬಸ್ ಸಂಚಾರ ನಿಲ್ಲಿಸಿದ್ದಾರೆ ಅಂದ್ರೆ ನೀವೂ ನಿಲ್ಲಿಸಿ. ಬುಕಿಂಗ್ ಮಾಡುವಾಗ್ಲೇ ರದ್ದು ಮಾಡೋ ಅವಕಾಶ ಇರೋ ಪ್ಲಾನ್ ತಗೊಳ್ಳಿ ಅನ್ನೋದು ಇದಕ್ಕೇ.

ಮಧ್ಯಾಹ್ನದ ಹೊತ್ತಿಗೆ ಊರು ಸೇರ್ತೀರ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಊಟ ಮುಗಿಸಿ ಮೊದಲು ಇಬ್ರಾಹಿಂ ರೋಜಾ, ಆಮೇಲೆ ಮಲಿಕ್-ಎ-ಮೈದಾನ್ ತೋಪು. ಇದು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ ಅಂತಾರೆ. ಪರಾಂಡಾ ಕೋಟೆಯಲ್ಲಿತ್ತು, 1632ರಲ್ಲಿ ಆದಿಲಶಾಹಿಗಳು ಇಲ್ಲಿಗೆ ಎಳೆತಂದ್ರು. ಪರಾಂಡಾ ಅಂದ್ರೆ ನೀವು ಬೆಳಿಗ್ಗೆ ದಾಟಿ ಬಂದ ಟೆಂಭುರ್ಣಿಯ ಆಚೆಗಿನ ಊರು. ನಾಲ್ಕು ಗಂಟೆ ಡ್ರೈವಿಂಗ್‌ಗೆ ನಾವು ಸುಸ್ತು ಅಂತೀವಿ.

ಗೋಳಗುಮ್ಮಟ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದ ತಕ್ಷಣಕ್ಕೆ ಇಟ್ಕೊಳ್ಳಿ, ಆರಕ್ಕೇ ತೆಗೀತಾರೆ. ಕಿರಿದಾದ ಮೆಟ್ಟಿಲು ಹತ್ತಿ ಪಿಸುಮಾತಿನ ಮೊಗಸಾಲೆಗೆ ಬಂದ್ರೆ, ಸುಮಾರು 38 ಮೀಟರ್ ಆಚೆ ಗೋಡೆಗೆ ಕಿವಿ ಕೊಟ್ಟು ನಿಂತವರಿಗೆ ನಿಮ್ಮ ಪಿಸುಮಾತು ಕೇಳುತ್ತೆ. ಒಂಬತ್ತರ ಮೇಲೆ ಹೋದ್ರೆ ಕೇಳೋದು ಬರೀ ಕೂಗಾಟ. ಮುಂದಿನ ಮ್ಯೂಸಿಯಂ ಶುಕ್ರವಾರ ರಜೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿ ಇದು. ಅವನ ಸರದಾರ ಶಹಾಜಿ, ಅಂದ್ರೆ ಶಿವಾಜಿಯ ತಂದೆ. ಶಹಾಜಿಗೆ ಪುಣೆಯೂ ಜಹಗೀರು, 1638ರ ನಂತರ ಬೆಂಗಳೂರೂ ಜಹಗೀರು. ಬೆಂಗಳೂರು-ಪುಣೆ ಟ್ರಾನ್ಸ್‌ಫರ್ ನಮ್ಮ ಐಟಿಯೋರು ಶುರುಮಾಡಿದ್ದಲ್ಲ.

ಹನ್ನೆರಡಕ್ಕೆ ವಾಪಸ್ ಹೊರಡಿ, ಕತ್ತಲಲ್ಲಿ ಹೆದ್ದಾರಿ ಬೇಡ. ಕಬ್ಬಿನ ಸೀಸನ್ನಲ್ಲಿ ಹಿಂದೆ ಲೈಟಿಲ್ಲದ ಎರಡೆರಡು ಟ್ರೇಲರ್ ಕಟ್ಕೊಂಡ ಟ್ರ್ಯಾಕ್ಟರ್‌ಗಳು ಇಂದಾಪುರದ ಆಸುಪಾಸು ದಿಢೀರ್ ಅಂತ ಎದುರಾಗ್ತವೆ. ಗಾಡೀಲಿ ಸ್ಪೀಡ್ ಗವರ್ನರ್ 80ಕ್ಕೆ ನಿಲ್ಲಿಸಿದ್ರೆ ಬೇಜಾರಾಗ್ಬೇಡಿ, ಸಮಯದ ಲೆಕ್ಕ ಅದಕ್ಕೆ ತಕ್ಕಂತೆ ಹಾಕಿ.

ಕಾರು ತಗೊಳ್ಳುವಾಗ ಮಾಡಿದ ಹಾಗೇ ಕೊಡುವಾಗ್ಲೂ ನಾಲ್ಕೂ ಕಡೆ, ಟೈರು, ಸ್ಟೆಪ್ನಿ, ಪೆಟ್ರೋಲ್ ಮುಳ್ಳು, ಕಿಲೋಮೀಟರ್ ಎಲ್ಲ ವಿಡಿಯೋ ಮಾಡ್ಕೊಳ್ಳಿ. ಟೋಲ್ ಹಣ ಒಂದೆರಡು ದಿನ ತಡವಾಗಿ ಕಟ್ ಆಗಬಹುದು, ಇ-ಚಲನ್ ತಿಂಗಳು ಬಿಟ್ಟು ಮಾಲೀಕರಿಗೆ ಹೋಗಿ ಅಲ್ಲಿಂದ ನಿಮಗೆ ಬರಬಹುದು. ಆ ವಿಡಿಯೋ, ಆ ಬಿಲ್ಲು ಆರು ತಿಂಗಳಾದ್ರೂ ಅಳಿಸ್ಬೇಡಿ.