ವಿದೇಶಿ ಅತಿಥಿಗಳಲ್ಲ

ನವರಾತ್ರಿ ಕಳೆದು ಹಿಂಗಾರಿನ ಮೋಡ ಕಟ್ಟುವ ಹೊತ್ತಿಗೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಕೆರೆಗೆ ಬಂದ ವಿದೇಶಿ ಅತಿಥಿಗಳು’ ಎಂಬ ಸುದ್ದಿ ತಪ್ಪದೆ ಬರುತ್ತದೆ. ಅದು ಪ್ರೀತಿಯಿಂದ ಬರೆದ ಮಾತೇ. ಆದರೆ ಶರತ್ಕಾಲದ ವಲಸೆಯನ್ನು ಸ್ವಲ್ಪ ಗಮನಿಸಿ ನೋಡಿದರೆ ‘ವಿದೇಶಿ’ ಎಂಬುದೂ ‘ಅತಿಥಿ’ ಎಂಬುದೂ ಬಹುಪಾಲು ಹಕ್ಕಿಗಳಿಗೆ ಹೊಂದುವುದಿಲ್ಲ ಎಂಬುದು ತಿಳಿಯುತ್ತದೆ. ಮಾತಿನ ತಪ್ಪು ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಅತಿಥಿಗೆ ಎಲೆ ಹಾಕಿದರಾಯಿತು, ಆಸ್ತಿಯಲ್ಲಿ ಪಾಲು ಕೊಡಬೇಕಿಲ್ಲ. ಈ ಹಕ್ಕಿಗಳನ್ನು ನಾಲ್ಕು ದಿನದ ನೆಂಟರೆಂದು ತಿಳಿದ ಕಾರಣಕ್ಕೇ ಅವು ಬದುಕುವ ನೆಲವನ್ನು ಯಾರ ಮನೆಯೂ ಅಲ್ಲದ ಖಾಲಿ ಜಾಗವೆಂದು ನಾವು ಲೆಕ್ಕ ಹಾಕುತ್ತ ಬಂದಿದ್ದೇವೆ.

ಮೊದಲು ದಿನಗಳ ಲೆಕ್ಕವನ್ನೇ ನೋಡೋಣ. ಕೆರೆಯಂಚಿನ ಕೆಸರಿನಲ್ಲಿ ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಆಡಿಸುತ್ತ ಓಡಾಡುವ, ಗುಬ್ಬಚ್ಚಿ ಗಾತ್ರದ ಲಿಟ್ಲ್ ಸ್ಟಿಂಟ್ ಎಂಬ ಹಕ್ಕಿಯಿದೆ. ಸೈಬೀರಿಯಾದ ಉತ್ತರದಂಚಿನ ತಂಡ್ರಾ ಪ್ರದೇಶದಲ್ಲಿ ಹಿಮ ಕರಗುವ ಜೂನ್, ಜುಲೈ ತಿಂಗಳಲ್ಲಿ ಅದು ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಆಗಸ್ಟ್ ಮುಗಿಯುವುದರೊಳಗೆ ಮೊದಲ ತಂಡಗಳು ನಮ್ಮಲ್ಲಿಗೆ ಬಂದಿಳಿಯುತ್ತವೆ; ಏಪ್ರಿಲ್‌ವರೆಗೂ ಇಲ್ಲೇ ಇರುತ್ತವೆ. ವರ್ಷದಲ್ಲಿ ತವರಿನಲ್ಲಿ ಎರಡು ತಿಂಗಳು, ಇಲ್ಲಿ ಎಂಟು. ಮನೆ ಯಾವುದು, ನೆಂಟರ ಊರು ಯಾವುದು? ಇಂಥ ಹಲವು ದಡದ ಹಕ್ಕಿಗಳು ಸವೆದ ಹಾರುಗರಿಗಳನ್ನು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುವುದೂ ಇಲ್ಲೇ. ಕಡಲ ದಡಕ್ಕೆ ಬರುವ ಕೆಲವು ಜಾತಿಗಳ ಎಳೆಯ ಹಕ್ಕಿಗಳಂತೂ ಮೊದಲ ಬೇಸಿಗೆಯಲ್ಲಿ ಉತ್ತರಕ್ಕೆ ಹೋಗುವುದೇ ಇಲ್ಲ, ಮುಂಗಾರಿನಲ್ಲೂ ಇಲ್ಲೇ ಉಳಿಯುತ್ತವೆ. ಇನ್ನು ‘ವಿದೇಶಿ’ ಎಂಬ ಮಾತು. ನಮ್ಮ ಕರಾವಳಿಯ ಮರಳಿನಲ್ಲಿ ಓಡಿ ನಿಂತು, ಮತ್ತೆ ಓಡಿ ನಿಲ್ಲುವ ಲೆಸ್ಸರ್ ಸ್ಯಾಂಡ್ ಪ್ಲವರ್ ಟಿಬೆಟ್ ಪ್ರಸ್ಥಭೂಮಿಯಲ್ಲಿ ಮಾತ್ರವಲ್ಲ, ನಮ್ಮದೇ ಲಡಾಖ್‌ನಲ್ಲೂ ಗೂಡು ಕಟ್ಟುತ್ತದೆ. ಲಡಾಖ್‌ನಲ್ಲಿ ಹುಟ್ಟಿ ಕಾರವಾರದಲ್ಲಿ ಚಳಿಗಾಲ ಕಳೆಯುವ ಹಕ್ಕಿಗೆ ಪಾಸ್‌ಪೋರ್ಟ್ ಕೇಳುವುದು ಹೇಗೆ?

ಬೇಟೆಹಕ್ಕಿಗಳ ಕಥೆ ಇನ್ನೂ ಸ್ವಾರಸ್ಯದ್ದು. ಹದ್ದು, ಗಿಡುಗಗಳಂಥ ಅಗಲ ರೆಕ್ಕೆಯ ಹಕ್ಕಿಗಳು ನೆಲ ಕಾದು ಮೇಲೇಳುವ ಬಿಸಿಗಾಳಿಯನ್ನೇ ಏಣಿ ಮಾಡಿಕೊಂಡು ದೂರ ಸಾಗುತ್ತವೆ. ಸಮುದ್ರದ ಮೇಲೆ ಆ ಏಣಿ ಸಿಗದ ಕಾರಣ ಅವು ಕಡಲನ್ನು ತಪ್ಪಿಸಿ ಇಕ್ಕಟ್ಟಾದ ಭೂಪಟ್ಟಿಗಳಲ್ಲಿ ನುಸುಳುತ್ತವೆ. ಕಪ್ಪು ಸಮುದ್ರಕ್ಕೂ ಬೆಟ್ಟಗಳಿಗೂ ನಡುವೆ ಸಿಕ್ಕ ಜಾರ್ಜಿಯಾದ ಬಟೂಮಿಯಲ್ಲಿ ಪ್ರತಿ ಶರತ್ಕಾಲ 10 ಲಕ್ಷಕ್ಕೂ ಹೆಚ್ಚು ಬೇಟೆಹಕ್ಕಿಗಳು ಸಾಗುವುದು ಇದರಿಂದಲೇ. ದಕ್ಖನ್‌ಗೆ ಬರುವ ಹ್ಯಾರಿಯರ್‌ಗಳು, ಕನ್ನಡದಲ್ಲಿ ಸೆಳೆವಗಳು, ಹಾಗಲ್ಲ. ರೆಕ್ಕೆ ಬಡಿದೇ ಹಾರಬಲ್ಲ ಅವು ಹರಡಿಕೊಂಡು ಬರುತ್ತವೆ. ಆಕಾಶದಲ್ಲಿ ಹಕ್ಕಿಗಳ ಹೊಳೆ ಕಾಣಸಿಗುವುದಿಲ್ಲ. ಕಜಾಕಸ್ತಾನದ ಹುಲ್ಲುಬಯಲಲ್ಲಿ ಹುಟ್ಟಿದ ಮೊಂಟಾಗು ಸೆಳೆವ ಮತ್ತು ಬಿಳಿ ಸೆಳೆವಗಳು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದು ಮಾರ್ಚ್, ಏಪ್ರಿಲ್‌ವರೆಗೆ ನಮ್ಮ ಒಣ ಹುಲ್ಲುಗಾವಲುಗಳ ಮೇಲೆ, ಹೊಲಗಳ ಮೇಲೆ ಆಳೆತ್ತರದಲ್ಲಿ ತೇಲುತ್ತ ಮಿಡತೆ ಹಿಡಿಯುತ್ತವೆ. ಸಂಜೆಯಾದರೆ ಮರ ಹುಡುಕುವುದಿಲ್ಲ. ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ರಾತ್ರಿ ಕಳೆಯುತ್ತವೆ. ಗುಜರಾತಿನ ವೇಳಾವದರ್, ಆಂಧ್ರದ ರೊಳ್ಳಪಾಡು ಇಂಥ ರಾತ್ರಿ ತಂಗುದಾಣಗಳಿಗೆ ಹೆಸರಾದವು. ಬೇಟೆಗೂ ನಿದ್ದೆಗೂ ಹುಲ್ಲೇ ಬೇಕಾದ ಹಕ್ಕಿ ಇದು.

ಅತಿಥಿ ಎಂಬ ಮಾತು ನಿಜಕ್ಕೂ ಒಪ್ಪುವ ಬೇಟೆಹಕ್ಕಿ ಒಂದಿದೆ: ಅಮೂರ್ ಫಾಲ್ಕನ್. ಪೂರ್ವ ಏಷ್ಯಾದಲ್ಲಿ ಮರಿ ಮಾಡಿ ಆಫ್ರಿಕಾದ ದಕ್ಷಿಣಕ್ಕೆ ಹೋಗುವ ಈ ಪುಟ್ಟ ಚಾಣ ಅಕ್ಟೋಬರ್, ನವೆಂಬರ್‌ನಲ್ಲಿ ಈಶಾನ್ಯ ಭಾರತದಲ್ಲಿ ಕೆಲವು ವಾರ ತಂಗಿ ಗೆದ್ದಲ ರೆಕ್ಕೆಹುಳುಗಳನ್ನು ತಿಂದು ಮೈತುಂಬಿಕೊಳ್ಳುತ್ತದೆ. ಆಮೇಲೆ ಪರ್ಯಾಯ ದ್ವೀಪವನ್ನು ಅಡ್ಡಹಾಯ್ದು ಅರಬ್ಬೀ ಸಮುದ್ರವನ್ನು ಎಲ್ಲೂ ಇಳಿಯದೆ ದಾಟುತ್ತದೆ. ಅದೇ ದಿನಗಳಲ್ಲಿ ಅದೇ ಕಡಲನ್ನು ದಾಟುವ ಏರೋಪ್ಲೇನ್ ಚಿಟ್ಟೆಗಳು ದಾರಿಯ ಬುತ್ತಿಯಾಗುತ್ತವೆ ಎಂಬುದು ವಿಜ್ಞಾನಿಗಳ ಊಹೆ. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಬಲೆ ಹಾಕಿ ಇವನ್ನು ಲಕ್ಷಗಟ್ಟಲೆ ಕೊಲ್ಲುತ್ತಿದ್ದುದು ಬೆಳಕಿಗೆ ಬಂತು. ಮರುವರ್ಷವೇ ಪಂಗ್ತಿ ಮತ್ತು ಸುತ್ತಲಿನ ಹಳ್ಳಿಗಳು ಬೇಟೆ ನಿಲ್ಲಿಸಿದವು. ಉಪಗ್ರಹದ ಮೂಲಕ ಜಾಡು ಹಿಡಿಯುವ ಸಾಧನ ಕಟ್ಟಿ ಬಿಟ್ಟ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಂಗ್ತಿ ಎಂದೇ ಹೆಸರಿಟ್ಟರು. ಕೆಲವೇ ವಾರ ಇರುವ ಹಕ್ಕಿಯನ್ನು ಆ ಊರುಗಳು ತಮ್ಮ ಹೆಸರಿನವನ್ನಾಗಿ ಮಾಡಿಕೊಂಡವು. ಆರೇಳು ತಿಂಗಳು ನಮ್ಮಲ್ಲೇ ಇರುವ ಹಕ್ಕಿಗಳ ನೆಲಕ್ಕೆ ನಾವು ಇಟ್ಟ ಹೆಸರು ಖರಾಬು, ಬಂಜರು, ಪಾಳು.

ಆ ನೆಲ ಎಂಥದು ಎಂದು ಹತ್ತಿರದಿಂದ ನೋಡಬೇಕು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಹೊರಬೀಳುವ ಕೆಸರು ಬಯಲು ದೂರಕ್ಕೆ ಬರೀ ಬೂದುಬಣ್ಣ. ಅದರೊಳಗೆ ಹುಳು, ಏಡಿ, ಚಿಪ್ಪಿಜೀವಿಗಳು ಒಂದೊಂದು ಆಳದಲ್ಲಿ ಒಂದೊಂದು ಇವೆ. ಹಕ್ಕಿಗಳ ಕೊಕ್ಕುಗಳೂ ಆ ಆಳಗಳಿಗೆ ತಕ್ಕಂತೆಯೇ ಇವೆ. ಪ್ಲವರ್‌ಗಳ ಮೊಂಡು ಕೊಕ್ಕಿಗೆ ಮೇಲುಮೈಯ ಹುಳು, ಕರ್ಲ್ಯೂ ಹಕ್ಕಿಯ ಕುಡುಗೋಲಿನಂಥ ಉದ್ದ ಕೊಕ್ಕಿಗೆ ಆಳದ ಹುಳು. ಅದೇ ಕೆಸರಿನಲ್ಲಿ ಸೊಂಟದವರೆಗೆ ಇಳಿದು ಬಳಚು ಆಯುವ ಕುಟುಂಬಗಳಿವೆ, ಅದೇ ನೀರಿನ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಒಳನಾಡಿನ ಬಹುಪಾಲು ಕೆರೆಗಳಿಗೆ ಆ ಅದೃಷ್ಟವಿಲ್ಲ. ಕೆರೆ ಅಭಿವೃದ್ಧಿ ಎಂದರೆ ಹೂಳೆತ್ತಿ, ಸುತ್ತ ಏರಿ ಎತ್ತರಿಸಿ, ಬಟ್ಟಲಿನಂತೆ ಮಾಡಿ ನಡಿಗೆ ಪಥ ಹಾಕುವುದು ಎಂದಾಗಿದೆ. ತುಂಬಿದ ಬಟ್ಟಲು ಕಣ್ಣಿಗೆ ಚೆಂದ, ಆದರೆ ದಡದ ಹಕ್ಕಿಗೆ ಅಲ್ಲಿ ಕಾಲೂರಲು ಜಾಗವಿಲ್ಲ. ಅದಕ್ಕೆ ಬೇಕಾದುದು ಗೇಣುದ್ದ ನೀರು, ನಿಧಾನಕ್ಕೆ ಇಳಿಯುವ ಅಂಚು, ನೀರು ಹಿಂದೆ ಸರಿದಂತೆ ತೆರೆದುಕೊಳ್ಳುವ ಕೆಸರು. ಕುಡಿಯುವ ನೀರಿಗೆ ಹೂಳೆತ್ತಲೇಬೇಕು ಎಂಬ ಮಾತು ನಿಜ. ಒಂದು ಬದಿಯನ್ನಾದರೂ ಇಳಿಜಾರಾಗಿ ಬಿಟ್ಟು ಹೂಳೆತ್ತುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನಮ್ಮ ಹಳೆಯ ಕೆರೆಗಳೆಲ್ಲ ಇದ್ದದ್ದೇ ಹಾಗೆ, ಒಂದು ಕಡೆ ಏರಿ, ಇನ್ನೊಂದು ಕಡೆ ತೆರೆದ ಅಂಗಳ.

ಹುಲ್ಲುಗಾವಲಿನ ವಿಷಯಕ್ಕೆ ಬಂದರೆ ಎದುರಾಗುವ ಆಕ್ಷೇಪ ಬೇರೆ: ಬರಡು ನೆಲದಲ್ಲಿ ಗಿಡ ನೆಟ್ಟರೆ ತಪ್ಪೇನು? ಗಿಡ ನೆಡುವವರ ಉದ್ದೇಶ ಒಳ್ಳೆಯದೇ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಬಯಲುಸೀಮೆಯ ಹುಲ್ಲುಗಾವಲು ಮರ ಕಳೆದುಕೊಂಡ ಕಾಡಲ್ಲ. ಕಡಿಮೆ ಮಳೆಗೆ, ತೆಳು ಮಣ್ಣಿಗೆ ಒಗ್ಗಿಕೊಂಡ ಬೇರೆಯೇ ಜೀವಲೋಕ. ಅಮೃತಮಹಲ್ ದನಗಳು ಬೆಳೆದದ್ದು ಇಂಥ ಕಾವಲುಗಳಲ್ಲಿ, ಕುರಿಗಾಹಿಗಳ ಬದುಕು ನಡೆದದ್ದು ಇಂಥ ಗೋಮಾಳಗಳಲ್ಲಿ. ಅಲ್ಲಿ ನೀಲಗಿರಿ, ಅಕೇಶಿಯಾ ಸಾಲು ಎದ್ದರೆ ಕುರಿಗೂ ಮೇವಿಲ್ಲ, ಸೆಳೆವಕ್ಕೂ ಹಾಸಿಗೆಯಿಲ್ಲ. ಬೆಂಗಳೂರಿನ ಅಂಚಿನ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಚಿತ್ರನಗರಿಯ ಪ್ರಸ್ತಾಪವಿತ್ತು. ಅದನ್ನು ಸಂರಕ್ಷಿತ ಮೀಸಲು ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು. ವರ್ಷಗಟ್ಟಲೆ ಅಲ್ಲಿ ಹಕ್ಕಿ ನೋಡಿ ದಾಖಲೆ ಇಟ್ಟವರಿಲ್ಲದಿದ್ದರೆ ಆ ಬಯಲು ಖಾಲಿಯಲ್ಲ ಎಂದು ತೋರಿಸಲು ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಹವ್ಯಾಸಿಗಳ ದಾಖಲೆಯನ್ನು ನಂಬಬಹುದೇ ಎಂದು ಕೇಳುವವರಿದ್ದಾರೆ. ಒಬ್ಬೊಬ್ಬರ ಪಟ್ಟಿಯಲ್ಲೂ ತಪ್ಪಿರಬಹುದು. ಒಂದನ್ನೇ ಹೋಲುವ ಕಂದು ಹಕ್ಕಿಗಳ ನಡುವೆ ಅನುಭವಿಗಳೂ ಎಡವುತ್ತಾರೆ. ಆದರೆ ಪಟ್ಟಿಗಳು ಲಕ್ಷಗಟ್ಟಲೆ ಸೇರಿ, ಸಂದೇಹದವನ್ನು ಪರಿಶೀಲಿಸಿ ತೆಗೆದಾಗ ಒಟ್ಟು ದಿಕ್ಕು ಕಾಣುತ್ತದೆ. 30,000 ಹಕ್ಕಿ ವೀಕ್ಷಕರ ಸುಮಾರು 3 ಕೋಟಿ ದಾಖಲೆಗಳಿಂದ 2023ರಲ್ಲಿ ತಯಾರಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲಿ, ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳ ಪೈಕಿ 204 ಕ್ಷೀಣಿಸಿವೆ. ತೀರ ಕುಸಿದ ಗುಂಪುಗಳಲ್ಲಿ ಬೇಟೆಹಕ್ಕಿಗಳೂ ವಲಸೆ ಬರುವ ದಡದ ಹಕ್ಕಿಗಳೂ ಇವೆ. 2024ರ ಅಕ್ಟೋಬರ್‌ನಲ್ಲಿ ಜಾಗತಿಕ ಕೆಂಪು ಪಟ್ಟಿಯೂ 16 ವಲಸೆ ದಡದ ಹಕ್ಕಿಗಳ ಅಪಾಯದ ಮಟ್ಟವನ್ನು ಏರಿಸಿತು. ನಮ್ಮ ಕರಾವಳಿಗೆ ಬರುವ ಗ್ರೇ ಪ್ಲವರ್, ಕರ್ಲ್ಯೂ ಸ್ಯಾಂಡ್‌ಪೈಪರ್ ಎರಡೂ ಅದರಲ್ಲಿವೆ. ಕುಸಿತಕ್ಕೆ ಕಾರಣ ಸೈಬೀರಿಯಾದಲ್ಲೋ ದಾರಿಯಲ್ಲೋ ಇದ್ದರೆ ನಾವೇನು ಮಾಡಲಾದೀತು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆರ್ಕ್ಟಿಕ್ ಬಿಸಿಯಾಗುವುದನ್ನು ಕುಮಟಾದಲ್ಲಿ ಕೂತು ತಡೆಯಲಾಗದು. ಆದರೆ ದೂರದ ಹಾರಾಟಕ್ಕೆ ಮುನ್ನ ಮೈಯಲ್ಲಿ ಕೊಬ್ಬು ತುಂಬಿಕೊಂಡು ತೂಕ ಹೆಚ್ಚಿಸಿಕೊಳ್ಳಲೇಬೇಕಾದ ಹಕ್ಕಿಗೆ, ಹೊರಡುವ ಜಾಗದಲ್ಲಿ ಹೊಟ್ಟೆ ತುಂಬದಿದ್ದರೆ ತಲುಪುವ ಜಾಗ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಸರಪಳಿಯ ಈ ಒಂದು ಕೊಂಡಿ ನಮ್ಮ ಕೈಯಲ್ಲಿದೆ.

ನೋಡಲು ಹೋಗುವವರಿಗೆ ಎರಡು ಮಾತು. ಅಳಿವೆಯಲ್ಲಿ ನೀರು ಪೂರ್ತಿ ಇಳಿದಾಗ ಹಕ್ಕಿಗಳು ಬಹುದೂರ ಚದುರಿರುತ್ತವೆ. ಭರತ ಏರುತ್ತಿರುವಾಗ ಹೋದರೆ ನೀರೇ ಅವನ್ನು ದಡದ ಕಡೆಗೆ ತರುತ್ತದೆ. ಸೆಳೆವವನ್ನು ಸಂಜೆ ನಾಲ್ಕರ ಮೇಲೆ ಹುಡುಕಿ: ಹುಲ್ಲಿನ ಮೇಲೆ ಕೆಳಗೇ ತೇಲುವಾಗ ರೆಕ್ಕೆಗಳನ್ನು ಎತ್ತಿ ಹಿಡಿದಿರುತ್ತದೆ, ಗಂಡು ಬೂದು, ಹೆಣ್ಣು ಕಂದು, ಹೆಣ್ಣಿಗೆ ಬಾಲದ ಬುಡದಲ್ಲಿ ಬಿಳಿ ಮಚ್ಚೆ. ಮಲಗುವ ಜಾಗಕ್ಕೆ ಮಾತ್ರ ಹತ್ತಿರ ಹೋಗಬೇಡಿ. ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ ವಿಶ್ವ ವಲಸೆ ಹಕ್ಕಿಗಳ ದಿನ. ಅಂದು ನಿಮ್ಮೂರಿನ ಕೆರೆಯ ಇಳಿಜಾರು ಅಂಚಿನಲ್ಲಿ ಒಂದು ಗಂಟೆ ನಿಂತು, ಕಂಡದ್ದನ್ನು ಎಣಿಸಿ, ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ನಲ್ಲಿ ಬರೆದಿಡಿ. ಒಂದೂ ಕಾಣದಿದ್ದರೆ ಅದನ್ನೂ ಬರೆಯಿರಿ.