ಮದುವೆಗೆ ಮುನ್ನ ಮನೆ ಕಟ್ಟಬೇಕೆ? ಗಡಿನಾಡ ಯುವಜನರ ಮುಂದಿರುವ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯಲ್ಲಿ ಮನೆಯೇ ಮೊದಲು ಬರುತ್ತದೆ. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು ಭಾಗದ ಕನ್ನಡ ಕುಟುಂಬಗಳಲ್ಲಿ ಇಂದು ಅನೇಕರು ಈ ಕ್ರಮವನ್ನೇ ಅನುಸರಿಸಲು ಬಯಸುತ್ತಾರೆ. ಮಗ ಅಥವಾ ಮಗಳು ಕಾರ್ಖಾನೆಯ ಕೆಲಸಕ್ಕೆ ಸೇರಿದೊಡನೆ ‘ಮೊದಲು ಒಂದು ಮನೆಯಾಗಲಿ’ ಎಂಬ ಮಾತು ಹೊರಡುತ್ತದೆ. ಆ ಮಾತಿನ ಹಿಂದೆ ಪ್ರೀತಿಯಿದೆ, ಆತಂಕವೂ ಇದೆ. ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್ ದೂರದ ಹೊಸೂರು ಸಿಪ್ಕಾಟ್ ಕೈಗಾರಿಕಾ ವಲಯದಿಂದಾಗಿ ಬೆಳೆದು, 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಇಂದು ಕೊಳ್ಳದ ನಿವೇಶನ ನಾಳೆ ಕೈಗೆಟುಕದು ಎಂಬ ಭಯ ಅಕಾರಣವಲ್ಲ.

ಆದರೆ ನಿವೇಶನ ಕೊಳ್ಳುವುದು ಮತ್ತು ಮನೆ ಕಟ್ಟುವುದು ಎರಡು ಬೇರೆ ನಿರ್ಧಾರಗಳು. ಸಾಮಾನ್ಯವಾಗಿ ಬೆಲೆ ಏರುವುದು ನೆಲಕ್ಕೆ. ಕಟ್ಟಡವಾದರೋ ವರ್ಷ ಕಳೆದಂತೆ ಸವೆಯುತ್ತದೆ. ಬೆಲೆಯೇರಿಕೆಯ ಭಯಕ್ಕೆ ನಿವೇಶನವೇ ಉತ್ತರವಾದೀತು, ಕಟ್ಟಡಕ್ಕೆ ಅವಸರವಿಲ್ಲ.

ಸಾಲದ ಲೆಕ್ಕವನ್ನು ನೋಡೋಣ. ಶೇಕಡಾ 8.5 ಬಡ್ಡಿಯಲ್ಲಿ 20 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 17,350 ರೂಪಾಯಿ. ಒಟ್ಟು ಮರುಪಾವತಿ 41 ಲಕ್ಷವನ್ನು ಮೀರುತ್ತದೆ. ಅದೇ ಸಾಲವನ್ನು 15 ವರ್ಷಕ್ಕೆ ಪಡೆದರೆ ಕಂತು ಸುಮಾರು 19,700 ರೂಪಾಯಿ. ಒಟ್ಟು ಪಾವತಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಉಳಿತಾಯ. ಕಂತು ಸಂಬಳದ ಮೂರನೆಯ ಒಂದು ಭಾಗವನ್ನು ಮೀರಬಾರದೆಂದರೆ 20 ವರ್ಷದ ಸಾಲಕ್ಕೂ ತಿಂಗಳಿಗೆ 52 ಸಾವಿರದಷ್ಟು ಸಂಬಳ ಬೇಕು. ಗುತ್ತಿಗೆ ಕೆಲಸದಲ್ಲಿರುವ 24ರ ಯುವಕನಿಗೆ ಇದು ಸಾಧ್ಯವೆ? ಕಂತಿನ ಹೊರೆಯಿಂದಾಗಿ ಮುಂದಿನ ಓದನ್ನು, ಬೇರೆ ಊರಿನ ಉತ್ತಮ ಕೆಲಸವನ್ನು ಕೈಬಿಡಬೇಕಾಗಿ ಬಂದರೆ ಅದೂ ಮನೆಯ ಬೆಲೆಗೇ ಸೇರುತ್ತದೆ. ತೆರಿಗೆ ಉಳಿಯುತ್ತದೆಂಬ ಮಾತನ್ನೂ ಪರಿಶೀಲಿಸಿರಿ: ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ.

ಎರಡನೆಯದು ಒಡೆತನದ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಮಗ ತನ್ನ ದುಡಿಮೆಯಿಂದ ಮನೆ ಕಟ್ಟುವುದು ವಾಡಿಕೆ. ಆ ಜಾಗ ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮಾನ ಹಕ್ಕುದಾರರು; ತಂದೆಯ ತಾಯಿ ಬದುಕಿದ್ದರೆ ಅವರೂ ಸಮಾನ ಪಾಲುದಾರರು. ಗೋಡೆಗೆ ಹಣ ಹಾಕಿದವನು ಯಾರೆಂಬುದು ಆಗ ವಿವಾದದ ವಸ್ತುವಾಗುತ್ತದೆ. ಆದ್ದರಿಂದ ಅಡಿಪಾಯಕ್ಕೆ ಮುನ್ನ ವಿಭಾಗಪತ್ರವೋ ದಾನಪತ್ರವೋ ನೋಂದಣಿಯಾಗಲಿ.

ಅವಿವಾಹಿತ ಹೆಣ್ಣುಮಕ್ಕಳು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ತಾನು ದುಡಿದು ಕಟ್ಟಿಸಿದ ಮನೆಯ ಒಡತಿ ಮದುವೆಯಾದ ಬಳಿಕ ಮಕ್ಕಳಿಲ್ಲದೆ, ಉಯಿಲೂ ಇಲ್ಲದೆ ತೀರಿಕೊಂಡರೆ, ಅದೇ ಕಾಯಿದೆಯ 15ನೆಯ ಕಲಮಿನಂತೆ ಆ ಮನೆ ಪತಿಗೆ, ಅವನಿಲ್ಲದಿದ್ದರೆ ಅವನ ವಾರಸುದಾರರಿಗೆ ಹೋಗುತ್ತದೆ. ಹೆತ್ತವರ ಸರದಿ ಆಮೇಲಿನದು. ತಂದೆ ತಾಯಿಗಾಗಿ ಮನೆ ಕಟ್ಟುವ ಮಗಳು ಉಯಿಲನ್ನೂ ಬರೆದಿಡುವುದು ವಿವೇಕ.

ಮೂರನೆಯದು ನಮ್ಮ ಗಡಿನಾಡಿಗೇ ವಿಶಿಷ್ಟವಾದ ತೊಡಕು. ಇಲ್ಲಿಯ ಪಟ್ಟಾ, ಚಿಟ್ಟಾ, ಕ್ರಯಪತ್ರಗಳು ತಮಿಳಿನಲ್ಲಿರುತ್ತವೆ. ಕರ್ನಾಟಕದಲ್ಲಿ ಋಣಭಾರ ಪತ್ರವೆನ್ನುವುದು ಇಲ್ಲಿ ‘ವಿಲ್ಲಂಗ’ ಪತ್ರ. ಕನ್ನಡ ಮಾಧ್ಯಮದಲ್ಲಿ ಕಲಿತ ಹಿರಿಯರು ದಲ್ಲಾಳಿಯ ಬಾಯಿಮಾತನ್ನು ನಂಬಿ ಸಹಿ ಹಾಕುವುದುಂಟು. 2006ರ ತಮಿಳು ಕಲಿಕಾ ಕಾಯಿದೆಯಿಂದ ಉಂಟಾದ ಪರೀಕ್ಷೆಯ ತೊಂದರೆಗೆ ವಿನಾಯಿತಿ ಕೋರಿ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲೇರಿದರು. ಮಾತೃಭಾಷೆಯಲ್ಲಿ ಓದುವ ಹಕ್ಕಿಗಾಗಿ ಆ ಹೋರಾಟ ನ್ಯಾಯವಾದುದೇ. ಆದರೆ ಆಸ್ತಿಪತ್ರ ಯಾರಿಗೂ ವಿನಾಯಿತಿ ಕೊಡುವುದಿಲ್ಲ. ತಮಿಳು ಓದಬಲ್ಲ ನಂಬಿಕಸ್ತರಿಂದ ಪ್ರತಿಯೊಂದು ಸಾಲನ್ನೂ ಓದಿಸಿ, ಕನ್ನಡದಲ್ಲಿ ಬರೆಸಿಕೊಂಡ ನಂತರವೇ ಸಹಿ ಮಾಡಿರಿ.

ಬಡಾವಣೆಗೆ ಅನುಮೋದನೆ ಇದೆಯೇ ಎಂಬುದನ್ನೂ ನೋಡಬೇಕು. ತಮಿಳುನಾಡಿನ 2017ರ ಸಕ್ರಮ ನಿಯಮಗಳು 2016ರ ಅಕ್ಟೋಬರ್ 20ಕ್ಕೆ ಮುನ್ನ ರೂಪುಗೊಂಡ ಬಡಾವಣೆಗಳನ್ನು ಮಾತ್ರ ಗಮನದಲ್ಲಿಟ್ಟುಕೊಂಡಿವೆ. ಮುದ್ರಾಂಕ ಶುಲ್ಕ ಶೇಕಡಾ 7, ನೋಂದಣಿ ಶುಲ್ಕ ಶೇಕಡಾ 2. ಈ ಹಣವನ್ನು ಮೊದಲೇ ಎತ್ತಿಡಬೇಕು. 30 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆಯ ಮೌಲ್ಯದ ಗರಿಷ್ಠ ಶೇಕಡಾ 90ರಷ್ಟನ್ನೇ ಕೊಡಬಹುದು. ಉಳಿದುದು ಕೈಯಿಂದಲೇ ಬರಬೇಕು.

ಹಾಗಾದರೆ ಒಂಟಿಯಾಗಿರುವಾಗ ಮನೆ ಬೇಡವೆ? ಹಾಗಲ್ಲ. ಕೆಲಸ ಕಾಯಂ ಆಗಿ, ಆರು ತಿಂಗಳ ಖರ್ಚು ಕೈಯಲ್ಲಿದ್ದು, ಜಾಗ ತನ್ನ ಹೆಸರಿನಲ್ಲಿದ್ದರೆ, ಅಥವಾ ತಂದೆ ತಾಯಿ ಸೋರುವ ಸೂರಿನ ಕೆಳಗಿದ್ದರೆ ಕಟ್ಟಬಹುದು. ಆಗಲೂ ಚಿಕ್ಕದಾಗಿ ಕಟ್ಟಿ, ಮೇಲಂತಸ್ತಿಗೆ ತಕ್ಕ ಅಡಿಪಾಯ ಹಾಕಿಸಿರಿ. ಬಾಳಸಂಗಾತಿಯ ಅಭಿಪ್ರಾಯಕ್ಕೂ ಆ ಮನೆಯಲ್ಲಿ ಜಾಗ ಉಳಿಯುತ್ತದೆ. ಇವು ಒದಗಿರದಿದ್ದರೆ ನಿವೇಶನಕ್ಕೆ ಉಳಿತಾಯ ಮಾಡುತ್ತ ಕಾಯುವುದರಲ್ಲಿ ಅವಮಾನವೇನೂ ಇಲ್ಲ. ‘ಮನೆಯಿಲ್ಲದ ಹುಡುಗನಿಗೆ ಹೆಣ್ಣು ಸಿಗದು’ ಎನ್ನುವ ಪೋಷಕರು, ಸಾಲದಲ್ಲಿ ಮುಳುಗಿದ ಮನೆಗೆ ಮಗಳನ್ನು ಕೊಡಲು ತಾವು ಒಪ್ಪುವಿರಾ ಎಂದು ಒಮ್ಮೆ ಯೋಚಿಸಲಿ.